ಶನಿವಾರ ರಾತ್ರಿಯೇ ಶುರುವಾಗುವ ಬಲಿಪೂಜೆ

ಜುಲೈ ನಡುವಿನ ಭಾನುವಾರ. ಕಲಬುರಗಿ ಸುತ್ತಲಿನ ಎರಿ ಹೊಲಗಳಲ್ಲಿ ತೊಗರಿ ಬಿತ್ತನೆ ಮುಗಿದಿರುತ್ತದೆ. ಮಳೆ ಕೈಕೊಟ್ಟ ಕಡೆ ಬೀಜ ಇನ್ನೂ ಚೀಲದಲ್ಲೇ ಇರುತ್ತದೆ. ನಮ್ಮ ಕಥೋಲಿಕ ದೇವಾಲಯದ ಬಲಿಪೂಜೆಯಲ್ಲಿ ಮೊದಲ ವಾಚನ, ಅಂದರೆ ಬೈಬಲಿನಿಂದ ಗಟ್ಟಿಯಾಗಿ ಓದುವ ಭಾಗ, ಪ್ರವಾದಿ ಯೆಶಾಯನದು: ಆಕಾಶದಿಂದ ಇಳಿದ ಮಳೆ ನೆಲವನ್ನು ತೋಯಿಸಿ, ಬಿತ್ತುವವನಿಗೆ ಬೀಜವನ್ನೂ ಉಣ್ಣುವವನಿಗೆ ರೊಟ್ಟಿಯನ್ನೂ ಕೊಡದೆ ಹಿಂದಿರುಗುವುದಿಲ್ಲ, ದೇವರ ಮಾತೂ ಹಾಗೆಯೇ. ಅದರ ಬೆನ್ನಿಗೇ 65ನೆಯ ಕೀರ್ತನೆ: ನೇಗಿಲ ಸಾಲುಗಳನ್ನು ನೆನೆಸಿ, ಹೆಂಟೆಗಳನ್ನು ಕರಗಿಸಿ, ಮೊಳಕೆಯನ್ನು ಹರಸುವ ದೇವರು. ಆಮೇಲೆ ಶುಭಸಂದೇಶದಲ್ಲಿ, ಅಂದರೆ ಯೇಸುವಿನ ಜೀವನ ಹೇಳುವ ಗ್ರಂಥದಲ್ಲಿ, ಯೇಸುಸ್ವಾಮಿ ಬಿತ್ತುವವನ ಸಾಮತಿ, ಎಂದರೆ ದೃಷ್ಟಾಂತದ ಕತೆ, ಹೇಳುತ್ತಾರೆ. ದಾರಿಬದಿ, ಕಲ್ಲುನೆಲ, ಮುಳ್ಳುಪೊದೆ, ಹದವಾದ ಭೂಮಿ. ಮೂವತ್ತು, ಅರವತ್ತು, ನೂರು ಪಟ್ಟು ಫಲ.

ಮಡ್ಡಿ ಯಾವುದು, ಗರಸು ಯಾವುದು, ಎರಿ ಯಾವುದು ಎಂದು ಅಂಗಾಲಿನಿಂದಲೇ ಗುರುತಿಸುವ ಜನ ನಮ್ಮವರು. ಈ ಸಾಮತಿಗೆ ಅವರಿಗಿಂತ ತಕ್ಕ ಕೇಳುಗರು ಎಲ್ಲಿ ಸಿಗುತ್ತಾರೆ? ಆದರೂ ಪೂಜೆ ಮುಗಿದು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಮೊದಲ ವಾಚನ ಯಾವುದಿತ್ತು ಎಂಬುದು ನಮ್ಮಲ್ಲಿ ಬಹಳಷ್ಟು ಜನರಿಗೆ ನೆನಪಿರುವುದಿಲ್ಲ. ಇದರಲ್ಲಿ ಕೇಳುವವರ ತಪ್ಪು ಹುಡುಕಬಾರದು. ಯೆಶಾಯನ ಮಳೆಗೂ ಯೇಸುವಿನ ಬೀಜಕ್ಕೂ ನಂಟಿದೆ, ಆ ಎರಡು ವಾಚನಗಳನ್ನು ಒಬ್ಬರು ಬೇಕೆಂದೇ ಜೋಡಿಸಿದ್ದಾರೆ ಎಂದು ಅವರಿಗೆ ಯಾರೂ ಹೇಳಿಲ್ಲ.

“ನಮ್ಮ ಧರ್ಮಕೇಂದ್ರದಾಗ ಪ್ರಾರ್ಥನಿ ಇನ್ನಷ್ಟು ಆಳ ಆಗಬೇಕರಿ, ಏನು ತರಿಸೋಣು?” ಎಂಬ ಪ್ರಶ್ನೆ ಆಗಾಗ ಬರುತ್ತದೆ. ತರಿಸುವುದು ಎಂದಕೂಡಲೇ ಹೊಸ ಪುಸ್ತಕ, ಹೊಸ ಕೀಬೋರ್ಡ್, ದೂರದಿಂದ ಬರುವ ಪ್ರವಚನಕಾರರು ಕಣ್ಣ ಮುಂದೆ ಬರುತ್ತಾರೆ. ಅವೆಲ್ಲ ಒಳ್ಳೆಯವೇ. ಆದರೆ ನಮ್ಮ ಬಳಿ ಈಗಾಗಲೇ ಇರುವ ಪೆಟ್ಟಿಗೆಯನ್ನು ನಾವು ಪೂರ್ತಿ ತೆರೆದಿಲ್ಲ ಎಂಬುದು ನನ್ನ ನಂಬಿಕೆ. ಅದರ ಕೀಲಿ ಶನಿವಾರ ರಾತ್ರಿಯಲ್ಲಿದೆ.

ವಾಚನಗಳ ಲೆಕ್ಕ

ಭಾನುವಾರದ ವಾಚನಗಳನ್ನು ಗುರುಗಳು ತಮಗೆ ತೋಚಿದಂತೆ ಆರಿಸುವುದಿಲ್ಲ. ಲೋಕದ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ದೈವಾರಾಧನೆಯ ಕುರಿತ ತನ್ನ ದಾಖಲೆಯನ್ನು ಹೊರಡಿಸಿತು. ಬೈಬಲಿನ ಭಂಡಾರವನ್ನು ಜನರಿಗೆ ಇನ್ನಷ್ಟು ಧಾರಾಳವಾಗಿ ತೆರೆದಿಡಬೇಕು ಎಂಬ ಅದರ ಮಾತಿನಂತೆ 1969ರಲ್ಲಿ ಹೊಸ ವಾಚನ ಕ್ರಮ ಬಂತು. ಅದಕ್ಕೂ ಮೊದಲು ಪ್ರತಿವರ್ಷ ಅವೇ ವಾಚನಗಳು ಮರಳಿ ಬರುತ್ತಿದ್ದವು, ಭಾನುವಾರಗಳಲ್ಲಿ ಹಳೆಯ ಒಡಂಬಡಿಕೆ ಕೇಳಿಬರುತ್ತಿದ್ದುದೇ ಅಪರೂಪ. ಈಗ ಭಾನುವಾರಗಳಿಗೆ ಮೂರು ವರ್ಷಗಳ ಸುತ್ತು ಇದೆ. ಎ ವರ್ಷ ಮತ್ತಾಯನ ಶುಭಸಂದೇಶದ್ದು, ಬಿ ವರ್ಷ ಮಾರ್ಕನದು, ಸಿ ವರ್ಷ ಲೂಕನದು. ಯೊವಾನ್ನನ ಶುಭಸಂದೇಶ ಹೆಚ್ಚಾಗಿ ಪಾಸ್ಖಕ್ಕೆ ಮುಂಚಿನ ತಪಸ್ಸು ಕಾಲ ಮತ್ತು ಯೇಸುವಿನ ಪುನರುತ್ಥಾನದ ಪಾಸ್ಖ ಕಾಲದಲ್ಲಿ ಮೂರೂ ವರ್ಷ ಬರುತ್ತದೆ.

ಈಗ ಯಾವ ವರ್ಷ ನಡೆದಿದೆ ಎಂದು ತಿಳಿಯಲು ಮಕ್ಕಳಿಗೂ ಬರುವ ಲೆಕ್ಕ ಸಾಕು. ಇಸವಿಯನ್ನು 3ರಿಂದ ಭಾಗಿಸಿ. ಶೇಷ 1 ಉಳಿದರೆ ಎ, 2 ಉಳಿದರೆ ಬಿ, ಏನೂ ಉಳಿಯದಿದ್ದರೆ ಸಿ. 2026ಕ್ಕೆ ಶೇಷ 1, ಹಾಗಾಗಿ ಎ ವರ್ಷ. ಒಂದು ಮಾತು ನೆನಪಿರಲಿ: ಧರ್ಮಸಭೆಯ ವರ್ಷ ಜನವರಿಯಲ್ಲಿ ಹುಟ್ಟುವುದಿಲ್ಲ, ಕ್ರಿಸ್ತಜಯಂತಿಗೆ ನಾಲ್ಕು ಭಾನುವಾರ ಮುಂಚೆ, ಆಗಮನ ಕಾಲದೊಂದಿಗೆ ಹುಟ್ಟುತ್ತದೆ. ಈ ಎ ವರ್ಷ ಶುರುವಾದದ್ದು 2025ರ ನವೆಂಬರ್ 30ರಂದು.

ಇನ್ನು ಜೋಡಣೆಯ ಗುಟ್ಟು. ಈ ವಿಶೇಷ ಕಾಲಗಳನ್ನು ಬಿಟ್ಟು ಉಳಿದ, ಸಾಧಾರಣ ಕಾಲದ ಭಾನುವಾರಗಳಲ್ಲಿ ಶುಭಸಂದೇಶವೇ ಯಜಮಾನ. ಅದಕ್ಕೆ ಹೊಂದುವಂತೆ ಹಳೆಯ ಒಡಂಬಡಿಕೆಯಿಂದ ಮೊದಲ ವಾಚನವನ್ನು ಆರಿಸಿರುತ್ತಾರೆ. ಕೀರ್ತನೆ ಆ ಮೊದಲ ವಾಚನಕ್ಕೆ ಜನರು ಕೊಡುವ ಉತ್ತರ. ಎರಡನೆಯ ವಾಚನ ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತದೆ. ಪೌಲನ ಒಂದು ಪತ್ರವನ್ನು ಹಲವು ವಾರ ಬಿಡಿಬಿಡಿಯಾಗಿ ಓದುತ್ತ ಹೋಗುವುದು ಅಲ್ಲಿನ ಕ್ರಮ. ಮೂರೂ ವಾಚನಗಳ ನಡುವೆ ನಂಟು ಹುಡುಕಿ ಸಿಗದೆ ಸೋತವರಿಗೆ ಇಷ್ಟು ತಿಳಿದರೇ ಅರ್ಧ ಭಾರ ಇಳಿಯುತ್ತದೆ. ಆಗಮನ ಕಾಲ, ತಪಸ್ಸು ಕಾಲ ಮತ್ತು ದೊಡ್ಡ ಹಬ್ಬಗಳಲ್ಲಿ ಮಾತ್ರ ಮೂರೂ ಒಂದೇ ಎಳೆಯಲ್ಲಿ ಪೋಣಿಸಿಕೊಂಡಿರುತ್ತವೆ.

ಹಾಗಾದರೆ ಶನಿವಾರ ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಮರುದಿನದ ಶುಭಸಂದೇಶವನ್ನು ಒಬ್ಬರು ಗಟ್ಟಿಯಾಗಿ ಓದುವುದು, ಆಮೇಲೆ ಮೊದಲ ವಾಚನ ಓದುವುದು, ಇವೆರಡನ್ನು ಯಾಕೆ ಜೋಡಿಸಿರಬಹುದು ಎಂದು ಮಾತಾಡುವುದು. ಹದಿನೈದು ನಿಮಿಷ ಸಾಕು. ಮರುದಿನ ದೇವಾಲಯದಲ್ಲಿ ಅದೇ ಮಾತು ಕಿವಿಗೆ ಬಿದ್ದಾಗ ಅದು ಪರಿಚಯದವರ ದನಿಯಂತೆ ಕೇಳುತ್ತದೆ. ಗುರುಗಳು ವಾಚನ ವಿವರಿಸುವ ಪ್ರಬೋಧನೆಯೂ ಆಗ ಬೇರೆಯೇ ಆಗಿ ತಾಗುತ್ತದೆ, ಯಾಕೆಂದರೆ ನಾವು ನಮ್ಮದೇ ಒಂದು ಪ್ರಶ್ನೆಯನ್ನು ಕಟ್ಟಿಕೊಂಡು ಬಂದಿರುತ್ತೇವೆ.

ನಮ್ಮ ಭಾಗದಲ್ಲಿ ಇನ್ನೊಂದು ಹೆಜ್ಜೆ ಬೇಕು. 2005ರಲ್ಲಿ ಹುಟ್ಟಿದ ಗುಲ್ಬರ್ಗ ಧರ್ಮಕ್ಷೇತ್ರದ ಮನೆಗಳಲ್ಲಿ ಬರೀ ಕನ್ನಡ ಇಲ್ಲ. ತಾಂಡಾದಲ್ಲಿ ಲಂಬಾಣಿ, ಬೀದರ್ ಕಡೆ ಮರಾಠಿ ಮತ್ತು ತೆಲುಗು, ಪೇಟೆಯಲ್ಲಿ ದಖನಿ, ಕರಾವಳಿಯಿಂದ ಬಂದವರ ಮನೆಯಲ್ಲಿ ಕೊಂಕಣಿ. ಬೈಬಲಿನ ಗ್ರಂಥಸ್ಥ ಕನ್ನಡ ಕೆಲವು ಅಜ್ಜಿಯಂದಿರಿಗೆ ಪರದೇಶದ ಮಾತಿನಷ್ಟೇ ದೂರ. ಓದಿದ ಮೇಲೆ ಪುಸ್ತಕ ಮುಚ್ಚಿ, ಆ ಕತೆಯನ್ನು ಮನೆಮಾತಿನಲ್ಲಿ ಒಬ್ಬರು ಹೇಳಲಿ. “ಒಬ್ಬ ರೈತ ಬಿತ್ತಲಕ ಹೋದ” ಎಂದು ಶುರುವಾದರೆ ಮೂಲೆಯಲ್ಲಿ ಮಲಗಿದ್ದ ಮುದುಕರೂ ಎದ್ದು ಕೂಡುತ್ತಾರೆ.

ಖಡಕ್ ರೊಟ್ಟಿ ಅಗಿದಂತೆ

ವಾಚನ ಓದಿ ಅರ್ಥ ಮಾಡಿಕೊಳ್ಳುವುದು ಒಂದು, ಅದರಿಂದ ಪ್ರಾರ್ಥಿಸುವುದು ಇನ್ನೊಂದು. ಇವೆರಡರ ನಡುವಿನ ದಾರಿಗೆ ಧರ್ಮಸಭೆಯಲ್ಲಿ ಹಳೆಯ ಹೆಸರು ಲೆಕ್ಸಿಯೊ ದಿವೀನಾ, ದೈವಿಕ ಓದು. 12ನೆಯ ಶತಮಾನದಲ್ಲಿ ಗೀಗೊ ಎಂಬ ಕಾರ್ಥೂಸಿಯನ್ ಸನ್ಯಾಸಿ ಅದನ್ನು ನಾಲ್ಕು ಮೆಟ್ಟಿಲುಗಳ ಏಣಿ ಎಂದು ವಿವರಿಸಿದರು: ಓದು, ಮನನ, ಪ್ರಾರ್ಥನೆ, ಧ್ಯಾನ. ಅವರೇ ಕೊಟ್ಟ ಇನ್ನೊಂದು ಹೋಲಿಕೆ ನಮಗೆ ಹೆಚ್ಚು ಹತ್ತಿರ. ಓದು ತುತ್ತನ್ನು ಬಾಯಿಗೆ ಇಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ಅದರ ರುಚಿ ಹಿಡಿಯುತ್ತದೆ, ಧ್ಯಾನ ಆ ಸಿಹಿಯೇ ಆಗಿ ನಿಲ್ಲುತ್ತದೆ.

ಜೋಳದ ಖಡಕ್ ರೊಟ್ಟಿ ತಿಂದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವಸರದಲ್ಲಿ ನುಂಗಿದರೆ ಗಂಟಲಿಗೆ ಚುಚ್ಚುತ್ತದೆ, ಅಗಿದಷ್ಟೂ ಸಿಹಿ ಬಿಡುತ್ತದೆ. ವಾಚನದಲ್ಲಿ ಮನಸ್ಸಿಗೆ ಹತ್ತಿದ ಒಂದೇ ಒಂದು ಮಾತು ಹಿಡಿಯಿರಿ. ‘ಕಲ್ಲುನೆಲ’ ಎನ್ನಿ. ಸೋಮವಾರ ಹೊಲಕ್ಕೆ ಹೋಗುವಾಗ, ಸೇಡಂ ಬಸ್ಸಿಗೆ ಕಾಯುವಾಗ, ಪಾತ್ರೆ ತೊಳೆಯುವಾಗ ಅದನ್ನೇ ಮೆಲುಕು ಹಾಕಿ. ನನ್ನೊಳಗೆ ಬೇರು ಇಳಿಯಗೊಡದ ಕಲ್ಲು ಯಾವುದು ಎಂಬ ಪ್ರಶ್ನೆ ತಾನೇ ಬರುತ್ತದೆ. ಅದಕ್ಕೆ ಉತ್ತರವಾಗಿ ಬಾಯಿಂದ ಏನು ಹೊರಟರೂ ಅದು ಪ್ರಾರ್ಥನೆಯೇ.

ಕಥೋಲಿಕ ಧರ್ಮೋಪದೇಶ ಗ್ರಂಥ 1992ರಲ್ಲಿ ಪ್ರಕಟವಾಯಿತು. ಅದರ ನಾಲ್ಕು ಭಾಗಗಳಲ್ಲಿ ಕೊನೆಯದು ಇಡಿಯಾಗಿ ಪ್ರಾರ್ಥನೆಗೇ ಮೀಸಲು. ಬಾಯಿಪ್ರಾರ್ಥನೆ, ಮನನ, ಧ್ಯಾನ ಎಂಬ ಮೂರು ಬಗೆಗಳನ್ನು ಅಲ್ಲಿ ಬಿಡಿಸಿ ಹೇಳಿದೆ. ಬಾಯಿಪ್ರಾರ್ಥನೆಯನ್ನು ಅದು ಎಲ್ಲೂ ಕೀಳಾಗಿ ಕಾಣುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ: ನಮ್ಮಲ್ಲಿ ಓದುಬಂದ ಕೆಲವರು ಜಪಸರ ಹಿಡಿದ ತಾಯಂದಿರ ಪ್ರಾರ್ಥನೆಯನ್ನು ಬರೀ ಪುನರುಕ್ತಿ ಎಂದು ಕಡೆಗಣಿಸುತ್ತಾರೆ. ನನಗೆ ಅದು ಸಹಿಸದ ಮಾತು.

ಜಪಸರದ ಹುಟ್ಟನ್ನು ನೋಡಿ. ಮಠಗಳಲ್ಲಿ 150 ಕೀರ್ತನೆಗಳನ್ನು ಹಾಡುತ್ತಿದ್ದರು. ಓದು ಬಾರದ ಜನ ಅದರ ಬದಲಿಗೆ 150 ‘ನಮೋ ಮರಿಯಾ’ ಹೇಳಿದರು. ಹದಿನೈದು ರಹಸ್ಯಗಳು, ಅಂದರೆ ಯೇಸು ಮತ್ತು ಮರಿಯಮ್ಮನವರ ಬದುಕಿನ ಘಟನೆಗಳು, ಪ್ರತಿಯೊಂದಕ್ಕೂ ಹತ್ತು. ಅದು ಬಡವರ ಕೀರ್ತನೆಗ್ರಂಥ. 2002ರ ಅಕ್ಟೋಬರ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲರು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದರು. ಯೇಸುವಿನ ದೀಕ್ಷಾಸ್ನಾನದಿಂದ ಪರಮಪ್ರಸಾದದ (ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿಯ) ಸ್ಥಾಪನೆಯವರೆಗಿನ ಬಹಿರಂಗ ಜೀವನ ಹೀಗೆ ಗುರುವಾರದ ಪಾಲಿಗೆ ಬಂತು. ಆಳವಾಗಿಸುವ ಉಪಾಯ ಸರಳ: ಪ್ರತಿ ರಹಸ್ಯಕ್ಕೆ ಮುಂಚೆ ಅದಕ್ಕೆ ಸಂಬಂಧಿಸಿದ ಎರಡು ವಾಕ್ಯ ಬೈಬಲಿನಿಂದ ಓದಿ, ಮೂರು ಉಸಿರಿನಷ್ಟು ಸುಮ್ಮನಿದ್ದು, ಆಮೇಲೆ ಮಣಿ ಹಿಡಿಯುವುದು. ಅಕ್ಟೋಬರ್‌ನಲ್ಲಿ ಮನೆಯಿಂದ ಮನೆಗೆ ಜಪಸರ ಹೋಗುವ ಓಣಿಗಳಲ್ಲಿ ಇದನ್ನು ಮಾಡಿ ನೋಡಬಹುದು. ಅವಸರ ತಾನಾಗಿ ಇಳಿಯುತ್ತದೆ.

ಸುಮ್ಮನಿರುವ ಕಷ್ಟ

ಈಗ ಸ್ವಲ್ಪ ನೋವಿನ ವಿಷಯ. ನಮ್ಮ ಪೂಜೆಗಳಲ್ಲಿ ಮೌನ ಉಳಿದಿಲ್ಲ. ಒಂದು ವಾಚನ ಮುಗಿದ ಕ್ಷಣಕ್ಕೆ ಇನ್ನೊಂದು, ಪರಮಪ್ರಸಾದ ಸ್ವೀಕರಿಸಿ ಕೂಡುವುದರೊಳಗೆ ಮೂರನೆಯ ಹಾಡು, ಅದು ಮುಗಿಯುವುದರೊಳಗೆ ಪ್ರಕಟಣೆಗಳು. ನಾನೂ ವಾಚಕನಾಗಿ ಮೈಕಿನ ಮುಂದೆ ಹೀಗೇ ಓಡಿದ್ದೇನೆ.

ಪೂಜಾವಿಧಿಯ ನಿಯಮಗಳು ಮೌನವನ್ನು ವಿಧಿಯ ಒಂದು ಭಾಗವೆಂದೇ ಎಣಿಸುತ್ತವೆ, ಅದರ ಜಾಗಗಳನ್ನೂ ಗುರುತಿಸುತ್ತವೆ: ಪಶ್ಚಾತ್ತಾಪದ ಹೊತ್ತು, ‘ಪ್ರಾರ್ಥಿಸೋಣ’ ಎಂದ ಮೇಲೆ, ವಾಚನ ಮತ್ತು ಪ್ರಬೋಧನೆಯ ನಂತರ, ಪರಮಪ್ರಸಾದ ಸ್ವೀಕರಿಸಿದ ಮೇಲೆ. ಇವುಗಳಲ್ಲಿ ‘ಪ್ರಾರ್ಥಿಸೋಣ’ದ ನಂತರದ ಮೌನದ ಮರ್ಮ ತಿಳಿದಾಗ ನನ್ನ ಪೂಜೆಯೇ ಬದಲಾಯಿತು. ಗುರುಗಳು ಹಾಗೆ ಕರೆದು ಒಂದು ಗಳಿಗೆ ನಿಲ್ಲುತ್ತಾರೆ. ಆ ಗಳಿಗೆಯಲ್ಲಿ ಪ್ರತಿಯೊಬ್ಬರೂ ತಮ್ಮ ವಾರದ ಭಾರವನ್ನು ಮನಸ್ಸಿನಲ್ಲೇ ದೇವರ ಮುಂದಿಡಬೇಕು. ಆಮೇಲೆ ಗುರುಗಳು ಹೇಳುವ ಪ್ರಾರ್ಥನೆಗೆ ಲತೀನಿನಲ್ಲಿ ಕೊಲೆಕ್ತಾ ಎಂದು ಹೆಸರು, ಎಲ್ಲವನ್ನೂ ಒಟ್ಟುಗೂಡಿಸುವುದು ಎಂದು ಅದರ ಅರ್ಥ. ಕೊಯ್ದ ತೊಗರಿಯ ಸೂಡುಗಳನ್ನೆಲ್ಲ ತಂದು ಕಣದಲ್ಲಿ ಒಂದೇ ಬಣವೆ ಒಟ್ಟಿದ ಹಾಗೆ. ನಾವು ಏನನ್ನೂ ಇಡದೆ ನಿಂತಿದ್ದರೆ ಅವರು ಒಟ್ಟುಗೂಡಿಸುವುದಾದರೂ ಏನನ್ನು?

ಗಾಯಕವೃಂದದವರಿಗೆ ನನ್ನ ಬೇಡಿಕೆ ಒಂದೇ: ಪರಮಪ್ರಸಾದದ ನಂತರ ಒಂದು ನಿಮಿಷ ಕೀಬೋರ್ಡಿನಿಂದ ಕೈ ತೆಗೆಯಿರಿ. ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳಲಿ.

ಹಾಡಿನ ವಿಷಯಕ್ಕೆ ಬಂದೆವಾದ್ದರಿಂದ ಇದನ್ನೂ ಹೇಳಬೇಕು. ಕೀರ್ತನೆ ವಿಧಿಯ ರೂಪ ನಮ್ಮ ನೆಲಕ್ಕೆ ಹೊಸದಲ್ಲ. ಒಬ್ಬರು ಪದ ಎತ್ತುವುದು, ಪಲ್ಲವಿಯನ್ನು ಉಳಿದವರೆಲ್ಲ ಹಿಡಿಯುವುದು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಭಜನೆಯಲ್ಲಿ ಹಾಡಿಕೊಂಡು ಬಂದ ಸೀಮೆ ಇದು. ಕೀರ್ತನೆಗೆ ಮುಮ್ಮೇಳ ಒಂದು ದನಿ, ಹಿಮ್ಮೇಳ ಇಡೀ ಸಭೆ. ಜೊತೆಗೆ ತಾಳ, ದಪ್ಪು ಇದ್ದರೆ ಸಾಕು. ಕೀರ್ತನೆಯನ್ನು ಗದ್ಯದಂತೆ ಓದಿ ಮುಗಿಸುವ ರೂಢಿ ಬಿಟ್ಟು ಪಲ್ಲವಿಯನ್ನಾದರೂ ಹಾಡಿದರೆ ಜನ ಅದನ್ನು ಮನೆಗೆ ಒಯ್ಯುತ್ತಾರೆ.

ಆರತಿ, ಅಂಜಲಿ, ದೀಪ

ನಮ್ಮ ಆರಾಧನೆಯಲ್ಲಿ ಭಾರತೀಯ ಕುರುಹುಗಳು ಬಂದದ್ದು ಯಾರೋ ಒಬ್ಬರ ಹುಮ್ಮಸ್ಸಿನಿಂದ ಎಂದು ಕೆಲವರು ತಿಳಿದಿದ್ದಾರೆ. ಭಾರತದ ಧರ್ಮಾಧ್ಯಕ್ಷರ ಮಂಡಳಿಯ ಕೋರಿಕೆಯ ಮೇರೆಗೆ ರೋಮ್ 1969ರ ಏಪ್ರಿಲ್ 25ರಂದು ಹನ್ನೆರಡು ಅಂಶಗಳಿಗೆ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರ ಅವುಗಳನ್ನು ಹರಡಿತು. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂಡುವುದು, ಮೊಣಕಾಲೂರುವ ಬದಲು ಅಂಜಲಿಬದ್ಧರಾಗಿ ಆಳವಾಗಿ ಬಾಗುವುದು, ಪಂಚಾಂಗ ಪ್ರಣಾಮ, ಪವಿತ್ರ ವಸ್ತುವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು, ಮೇಣದ ಬತ್ತಿಯ ಬದಲು ಎಣ್ಣೆದೀಪ, ಹೂವು, ಧೂಪ, ದೀಪಗಳ ಆರತಿ ಅವುಗಳಲ್ಲಿ ಸೇರಿವೆ.

ನಮ್ಮ ಹಳ್ಳಿಗಳಲ್ಲಿ ಚಪ್ಪಲಿ ಹೊರಗೆ ಬಿಡುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ಕಲಿಸಬೇಕಾಗಿರುವುದು ಆರತಿಯ ಅರ್ಥ. ಪ್ರಭುವಿನ ಪ್ರಾರ್ಥನೆಗೆ ಮುಂಚೆ ಗುರುಗಳು ‘ಇವರ ಮೂಲಕ, ಇವರೊಂದಿಗೆ, ಇವರಲ್ಲಿ’ ಎಂದು ರೊಟ್ಟಿ ಮತ್ತು ಪಾತ್ರೆಯನ್ನು ಎತ್ತುವ ಗಳಿಗೆ ಇಡೀ ಪೂಜೆಯ ಶಿಖರ. ಅಲ್ಲಿ ಬೆಳಗುವ ಆರತಿ ಸಭೆ ಹೇಳುವ ‘ಆಮೆನ್’ಗೆ ಕೊಟ್ಟ ಬೆಳಕು. ಫೋಟೊ ತೆಗೆಯುವವರ ಅನುಕೂಲಕ್ಕೆ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿದ ದಿನ ಆ ‘ಆಮೆನ್’ ಯಾರ ಬಾಯಿಂದಲೂ ಗಟ್ಟಿಯಾಗಿ ಬರುವುದಿಲ್ಲ. ಆರತಿ ಹಿಡಿಯುವ ಮಕ್ಕಳಿಗೆ ಹಿಂದಿನ ದಿನವೇ ಇಷ್ಟನ್ನು ಹೇಳಿದರೆ ಅವರ ಕೈಯ ಚಲನೆಯೇ ಬೇರೆಯಾಗುತ್ತದೆ.

ವಿಭೂತಿ ಬುಧವಾರವೂ ಹೀಗೆಯೇ. ಹಣೆಗೆ ಬೂದಿ ಹಚ್ಚಿಕೊಂಡು ಹೊರಬಂದಾಗ ಶರಣರ ನಾಡಿನ ನೆರೆಯವರು “ಇದೇನ್ರಿ, ನಿಮ್ಮಲ್ಲೂ ಐತೇನು?” ಎಂದು ಪ್ರೀತಿಯಿಂದ ಕೇಳುತ್ತಾರೆ. ಅವರಲ್ಲಿ ಆ ಭಸ್ಮಕ್ಕೆ ಅವರದೇ ಅರ್ಥವಿದೆ. ನಮ್ಮದು ಹೋದ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟ ಬೂದಿ, ಮಣ್ಣಿನಿಂದ ಬಂದವರು ಮಣ್ಣಿಗೆ ಮರಳುತ್ತೇವೆ ಎಂಬ ನೆನಪು. ಕೇಳಿದವರಿಗೆ ಹೀಗೆ ಹೇಳಬಲ್ಲವರು ಆ ಬೂದಿಯನ್ನು ನಿಜವಾಗಿ ಪಡೆದಿದ್ದಾರೆ.

ಸ್ವಾಮಿಗಳು ಬಾರದ ಭಾನುವಾರ

ಒಬ್ಬ ಗುರುವಿಗೆ ಹಲವು ಹಳ್ಳಿಗಳು. ಯಾದಗಿರಿ, ಕಲಬುರಗಿ ಜಿಲ್ಲೆಗಳ ದೂರದ ಊರುಗಳಿಗೆ ಪ್ರತಿ ಭಾನುವಾರ ಬಲಿಪೂಜೆ ಸಿಗುವುದಿಲ್ಲ. ಅಂಥ ಭಾನುವಾರ ಆರಾಧನೆ ಖಾಲಿ ಬೀಳಬೇಕಿಲ್ಲ. ಗುರುವಿಲ್ಲದ ಭಾನುವಾರದ ಆಚರಣೆಗೆ 1988ರಲ್ಲೇ ರೋಮ್ ಮಾರ್ಗಸೂಚಿ ಕೊಟ್ಟಿದೆ. ಆ ದಿನದ್ದೇ ವಾಚನಗಳು, ಕೀರ್ತನೆ, ವಿಶ್ವಾಸಿಗಳ ಪ್ರಾರ್ಥನೆ, ಸ್ತುತಿ, ‘ಪರಲೋಕದಲ್ಲಿರುವ ನಮ್ಮ ತಂದೆಯೇ’. ಧರ್ಮಬೋಧನೆ ಮಾಡುವ ಉಪದೇಶಿಯೋ ಊರಿನ ಹಿರಿಯರೊಬ್ಬರೋ ನಡೆಸಬಹುದು. ಬಲಿಪೂಜೆಗೆ ಇದು ಸಾಟಿಯಲ್ಲ, ಅದರ ಹಸಿವನ್ನು ಜೀವಂತ ಇಡುವ ದಾರಿ.

ಇದನ್ನು ನಡೆಸುವವರನ್ನು ಧರ್ಮಸಭೆ ಈಗ ಹೆಚ್ಚು ಗೌರವದಿಂದ ಕಾಣುತ್ತದೆ. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ವಾಚಕ ಮತ್ತು ಪೀಠಸೇವಕರ ಅಧಿಕೃತ ಸೇವೆಯನ್ನು ಮಹಿಳೆಯರಿಗೂ ತೆರೆದರು, ಅದೇ ವರ್ಷದ ಮೇ ತಿಂಗಳಲ್ಲಿ ಉಪದೇಶಿಗಳ ಸೇವೆಯನ್ನು ಅಧಿಕೃತ ಸೇವೆಯನ್ನಾಗಿ ಸ್ಥಾಪಿಸಿದರು. ನಮ್ಮ ಭಾಗದಲ್ಲಿ ಹತ್ತನೇ ಇಯತ್ತೆ ಓದಿದ ಹೆಣ್ಣುಮಗಳೊಬ್ಬಳು ಊರಿಗೆ ವಾಚಕಿಯಾಗುವುದು ಸಣ್ಣ ಮಾತಲ್ಲ. ಅವಳಿಗೆ ಬೇಕಾದದ್ದು ಶನಿವಾರ ಮೂರು ಸಲ ಗಟ್ಟಿಯಾಗಿ ಓದುವ ಅಭ್ಯಾಸ, ಕಷ್ಟದ ಹೆಸರುಗಳನ್ನು ತಿದ್ದಿಕೊಡುವ ಒಬ್ಬರು, ಮತ್ತು ನಿಧಾನಿಸಲು ಧೈರ್ಯ.

ವಿಶ್ವಾಸಿಗಳ ಪ್ರಾರ್ಥನೆಯ ಬಗ್ಗೆ ನನಗೆ ವಿಶೇಷ ಕಾಳಜಿ. ಶತಮಾನಗಳ ಕಾಲ ಮರೆಯಾಗಿದ್ದ ಅದನ್ನು ಎರಡನೆಯ ವ್ಯಾಟಿಕನ್ ಮಹಾಸಭೆ ಜನರಿಗೆ ಮರಳಿ ಕೊಟ್ಟಿತು. ನಾವು ಅದನ್ನು ಅಚ್ಚಾದ ಹಾಳೆಗೆ ಒಪ್ಪಿಸಿಬಿಟ್ಟಿದ್ದೇವೆ. ಅದರ ಕ್ರಮ ಹೀಗಿದೆ: ಮೊದಲು ಧರ್ಮಸಭೆಗಾಗಿ, ಆಮೇಲೆ ಆಳುವವರಿಗಾಗಿ ಮತ್ತು ಲೋಕಕ್ಕಾಗಿ, ಆಮೇಲೆ ಕಷ್ಟದಲ್ಲಿರುವವರಿಗಾಗಿ, ಕೊನೆಗೆ ನಮ್ಮ ಊರಿಗಾಗಿ. ಈ ನಾಲ್ಕು ಖಾನೆಗಳಲ್ಲಿ ನಮ್ಮದೇ ಮಾತು ತುಂಬಬಹುದು. ಹಾಳೆಯಲ್ಲಿ ‘ವಲಸಿಗರಿಗಾಗಿ’ ಎಂದಷ್ಟೇ ಇರುತ್ತದೆ. “ಪುಣೆ, ಮುಂಬೈಗೆ ಗುಳೆ ಹೋದ ನಮ್ಮ ಓಣಿಯವರು ಕಟ್ಟಡದ ಕೆಲಸದಲ್ಲಿ ಕ್ಷೇಮವಾಗಿರಲಿ, ಅವರ ಮಕ್ಕಳು ಶಾಲೆ ಬಿಡದಿರಲಿ” ಎಂದು ಓದಿ ನೋಡಿ. ‘ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ’ ಎಂಬ ಉತ್ತರದಲ್ಲಿ ಒಬ್ಬ ತಾಯಿಯ ದನಿ ಒಡೆದದ್ದು ಕೇಳಿಸುತ್ತದೆ. ತೊಗರಿಗೆ ನೆಟೆ ರೋಗ ಬಿದ್ದ ವರ್ಷ ಆ ಹೊಲಗಳ ಹೆಸರೂ ಅಲ್ಲಿ ಬರಲಿ.

ಮೊಬೈಲಿನಿಂದಲೂ ನೆರವಿದೆ. 2024ರಲ್ಲಿ ವ್ಯಾಟಿಕನ್ ನ್ಯೂಸ್ ಕನ್ನಡದಲ್ಲೂ ಶುರುವಾಯಿತು. ದಿನದ ವಾಚನ ಯಾವುದೆಂದು ನೋಡಲು ಫೋನ್ ಅನುಕೂಲ, ಓದಲು ಮಾತ್ರ ಪುಸ್ತಕವೇ ಮೇಲು ಎಂದು ನನ್ನ ಅನುಭವ, ಅದರಲ್ಲಿ ಸಂದೇಶಗಳು ನಡುವೆ ಬಂದು ಕೂಡುವುದಿಲ್ಲ. ಇನ್ನೂ ಮುಂದೆ ಹೋಗಬಯಸುವವರಿಗೆ ಗುರುಗಳೂ ಕನ್ಯಾಸ್ತ್ರೀಯರೂ ಹೇಳುವ ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆ ಇದೆ. ಕೀರ್ತನೆಗಳನ್ನು ನಾಲ್ಕು ವಾರಗಳಿಗೆ ಹಂಚಿರುವ ಆ ಪ್ರಾರ್ಥನೆಯಲ್ಲಿ ಗೃಹಸ್ಥರೂ ಸೇರಬೇಕೆಂದು ಮಹಾಸಭೆಯೇ ಕರೆದಿದೆ. ಪೂರ್ತಿ ಆಗದಿದ್ದರೆ ಮಲಗುವ ಮುಂಚೆ ಒಂದು ಕೀರ್ತನೆ ಸಾಕು. ಅದರ ಜೊತೆಗೆ ಲೊಯೊಲಾದ ಇಗ್ನೇಷಿಯಸರು ಕಲಿಸಿದಂತೆ ದಿನವನ್ನು ಹಿಂದಿರುಗಿ ನೋಡುವುದು: ಎಲ್ಲಿ ದೇವರು ಕೈಹಿಡಿದರು, ಎಲ್ಲಿ ನಾನು ಕೈ ಬಿಡಿಸಿಕೊಂಡೆ.

ಪುಸ್ತಕದ ಮಾತು ಬಂದಾಗ ಬೀದರ್‌ನ ಮನೆಗಳಿಗಾಗಿ ಒಂದು ಸೂಚನೆ. ಅಲ್ಲಿ ಪ್ರೊಟೆಸ್ಟಂಟರ ಮೆಥಡಿಸ್ಟ್ ಸಭೆ ಹಳೆಯದು, ದೊಡ್ಡದು. ಅತ್ತಿಂದಿತ್ತ ಮದುವೆಯಾಗಿ ಬಂದ ಸೊಸೆಯರು, ಅಳಿಯಂದಿರು ಬಹಳ. ಅವರ ಬೈಬಲಿನಲ್ಲಿ 66 ಗ್ರಂಥಗಳು, ಕಥೋಲಿಕರದರಲ್ಲಿ 73. ತೋಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ ಮತ್ತು ಮಕ್ಕಬಿಯರ ಎರಡು ಗ್ರಂಥಗಳು ಅಲ್ಲಿ ಇರುವುದಿಲ್ಲ. ಬಿತ್ತುವವನ ಸಾಮತಿಯ ಮರುವಾರದ ಮೊದಲ ವಾಚನ ಜ್ಞಾನಗ್ರಂಥದ 12ನೆಯ ಅಧ್ಯಾಯದ್ದು. ಶನಿವಾರ ರಾತ್ರಿ ಹಾಳೆ ತಿರುವಿ ತಿರುವಿ ಸಿಗದೆ ಪುಸ್ತಕ ಮುಚ್ಚುವ ಮುಂಚೆ, ಪಕ್ಕದ ಮನೆಯಿಂದ 73ರದ್ದು ಕೇಳಿ ತನ್ನಿ. ಶುಭಸಂದೇಶಕ್ಕೆ ಮಾತ್ರ ಯಾವ ಬೈಬಲಾದರೂ ಆದೀತು. ಮತ್ತಾಯ 13, ವಾಕ್ಯ 24ರಿಂದ: ಒಳ್ಳೆಯ ಬೀಜ ಬಿತ್ತಿದ ಹೊಲದಲ್ಲಿ ರಾತ್ರಿ ಯಾರೋ ಕಳೆ ಬಿತ್ತಿ ಹೋಗಿದ್ದಾರೆ, ಕಿತ್ತುಬಿಡೋಣವೇ ಎಂದು ಆಳುಗಳು ಕೇಳುತ್ತಾರೆ, ಯಜಮಾನ ಬೇಡ ಎನ್ನುತ್ತಾನೆ. ಅಷ್ಟೊತ್ತಿಗೆ ನಮ್ಮ ತೊಗರಿ ಸಾಲುಗಳಲ್ಲೂ ಕಳೆ ಎದ್ದಿರುತ್ತದೆ. ಯಾಕೆ ಬೇಡ ಎಂದ ಎಂದು ಮನೆಯಲ್ಲಿ ಹೊಲ ಮಾಡುವವರನ್ನೇ ಮೊದಲು ಕೇಳಿ.